ಮಾಳಿಗೆ ಮೇಲೆ ಎರಡು ಕೈ ಚಾಚಿದ ಆಂಟೆನಾ

ನಮ್ಮ ಮನೆ ಗದಗದಲ್ಲಿ. ನಕಾಶೆ ಮೇಲೆ ನೇರ ಗೆರೆ ಎಳೆದರೆ ಧಾರವಾಡ ಸುಮಾರು 65 ಕಿಲೋಮೀಟರ್, ಹೆಚ್ಚುಕಡಿಮೆ ಸರಿಯಾಗಿ ಪಶ್ಚಿಮಕ್ಕೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಅಪ್ಪ ಅದರ ಮೀಡಿಯಂ ವೇವ್ 765 ಕೇಳಿಯೇ ಬೆಳೆದವರು. ಆದರೆ ಮನೆತುಂಬ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಬಂದ ಮೇಲೆ ಮೀಡಿಯಂ ವೇವ್‌ನಲ್ಲಿ ಬರೀ ಗೊರಗೊರ. ಹಾಗಾಗಿ ಎಫ್‌ಎಂ ಕಡೆ ಹೊರಳಿದೆವು. ಅದೂ ಇಲ್ಲಿ ಬರುತ್ತಿತ್ತು, ಆದರೆ ಸೊಂಯ್ ಅನ್ನುವ ಸದ್ದಿನ ಹಿಂದಿನಿಂದ.

ಮೊದಲು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಅಂಗಡಿಯವರು ಕೊಟ್ಟ ಬೂಸ್ಟರ್ ತಂದೆ. ಅದನ್ನು ಸೆಟ್ಟಿನ ಪಕ್ಕದಲ್ಲೇ ಇಟ್ಟು ಹಚ್ಚಿದರೆ ಹಾಡಿನ ಜೊತೆ ಸೊಂಯ್ ಸದ್ದೂ ಅಷ್ಟೇ ಜೋರಾಯಿತು. ಆಂಟೆನಾ ಹಿಡಿಯದೇ ಇದ್ದುದನ್ನು ಬೂಸ್ಟರ್ ಎಲ್ಲಿಂದ ತರಬೇಕು? ಸಾಲದ್ದಕ್ಕೆ ಅದರ ಅಡಾಪ್ಟರೇ ಒಂದಿಷ್ಟು ಗಲಾಟೆ ಸೇರಿಸಿತು. ಅದು ಈಗ ಅಟ್ಟದ ಮೇಲಿದೆ.

ಆಮೇಲೆ ಕಣ್ಣಿಗೆ ಬಿದ್ದದ್ದು ದೂರದರ್ಶನ ಕಾಲದ ಟಿವಿ ಆಂಟೆನಾ. ಮಾಳಿಗೆಯ ಮೂಲೆಯಲ್ಲಿ ಸುಮ್ನೆ ಬಿದ್ದಿತ್ತು. ಅದನ್ನೇ ಎಫ್‌ಎಂಗೆ ಹಚ್ಚಬಹುದಲ್ವಾ ಅಂದುಕೊಂಡೆ. ಆದರೆ ಅದರ ಕಡ್ಡಿಗಳ ಅಳತೆ ಟಿವಿ ಚಾನೆಲ್‌ಗೆ ಕೂಡಿಸಿದ್ದು. ಎಫ್‌ಎಂ ಬ್ಯಾಂಡ್ 88ರಿಂದ 108 ಮೆಗಾಹರ್ಟ್ಸ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲ್‌ನ, ಅಂದರೆ ಒಂದೇ ಗೆರೆಯಲ್ಲಿ ಎರಡು ಕಡ್ಡಿ ಇರುವ ಸಾದಾ ಆಂಟೆನಾದ, ಉದ್ದ ಮೀಟರಿನಲ್ಲಿ ಬರುತ್ತದೆ. ಒಂದೇ ಸ್ಟೇಷನ್ ಬೇಡ, ಎಲ್ಲವೂ ಬರಲಿ ಎಂದು ನಡುವಿನ 100 ಹಿಡಿದೆ. ಅಂದರೆ 143 ಸೆಂಟಿಮೀಟರ್. ಹಳೆ ಆಂಟೆನಾದ ಅಲ್ಯೂಮಿನಿಯಂ ಪೈಪನ್ನೇ ಗರಗಸದಲ್ಲಿ ಕೊಯ್ದು, ಒಂದೊಂದು 71 ಸೆಂಟಿಮೀಟರಿನ ಎರಡು ತುಂಡು ಮಾಡಿದೆ. ನಡುವೆ ಬೆರಳಗಲ ಸಂದಿ ಬಿಟ್ಟು, ದಪ್ಪ ಪಿವಿಸಿ ತುಂಡಿನ ಮೇಲೆ ಎರಡನ್ನೂ ಕೂಡಿಸಿದೆ. ಡಿಶ್ ಕೇಬಲ್‌ನ ನಡುವಿನ ತಂತಿ ಒಂದು ಪೈಪಿಗೆ, ಮೇಲಿನ ಜಾಲರಿ ಇನ್ನೊಂದಕ್ಕೆ. ಅಲ್ಯೂಮಿನಿಯಮ್ಮಿಗೆ ಬೆಸುಗೆ ಹಿಡಿಯುವುದಿಲ್ಲ, ಆದ್ದರಿಂದ ಸ್ಕ್ರೂ, ವಾಷರ್ ಹಾಕಿ ಬಿಗಿದೆ. ಜೋಡಿಗೆ ನೀರು ಹೋಗದಂತೆ ಎಂ-ಸೀಲ್ ಮೆತ್ತಿದೆ. ಡೈಪೋಲ್‌ಗೂ 75 ಓಮ್‌ನ ಈ ಕೇಬಲ್‌ಗೂ ಚೆನ್ನಾಗಿ ಹೊಂದುತ್ತದೆ, ನಡುವೆ ಬೇರೆ ಯಾವ ಡಬ್ಬಿಯೂ ಬೇಕಾಗಲಿಲ್ಲ. ಕೆಳಗೆ ಹಳೆ ಮ್ಯೂಸಿಕ್ ಸಿಸ್ಟಂ ಇದೆ, ಅದರ ಬೆನ್ನಿಗೆ ಆಂಟೆನಾ ಸಾಕೆಟ್ ಇರುವುದು ಪುಣ್ಯ.

ಜಿಐ ಪೈಪಿಗೆ ಕಟ್ಟಿ ನಿಲ್ಲಿಸಿದೆ. ಬೀದಿಯ ಕರೆಂಟ್ ತಂತಿ ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ಪೈಪು ಯಾವ ಕಡೆ ಉರುಳಿದರೂ ಅದಕ್ಕೆ ತಾಗಬಾರದೆಂದು ಹಿತ್ತಲ ಕಡೆಯ ಮೂಲೆಯಲ್ಲೇ ನಿಲ್ಲಿಸಿದ್ದು. ಕಡ್ಡಿಯ ತುದಿಯನ್ನು ಬಾಣ ಹೂಡಿದ ಹಾಗೆ ನೇರ ಧಾರವಾಡಕ್ಕೆ ಗುರಿ ಇಟ್ಟೆ. ಕೆಳಗಿಳಿದು ಕೇಳಿದರೆ ಮೊದಲಿಗಿಂತ ಕಡೆ! ಅರ್ಧ ದಿನ ಸ್ಕ್ರೂ ಬಿಚ್ಚಿ ಹಾಕುವುದರಲ್ಲೇ ಕಳೆಯಿತು. ಕಡೆಗೆ ಅಪ್ಪ ಮೆಟ್ಟಿಲ ಮೇಲೆ ನಿಂತು, "ಅಡ್ಡ ತಿರುಗಸಿ ನೋಡೋ ತಮ್ಮಾ, ನಾವು ಟ್ರಾನ್ಸಿಸ್ಟರ್ ಹಂಗ ತಿರುವತಿದ್ವಿ" ಅಂದರು. ತಿರುಗಿಸಿದೆ. ಕೆಳಗಿನಿಂದ ಹಾಡು ಸ್ಪಷ್ಟವಾಗಿ ಕೇಳಿತು.

ಡೈಪೋಲ್ ತನ್ನ ತುದಿಗಳ ಕಡೆಯಿಂದ ಬರುವುದನ್ನು ಕೇಳಿಸಿಕೊಳ್ಳುವುದೇ ಇಲ್ಲ ಅನ್ನಬಹುದು. ಅದು ಕೇಳುವುದೆಲ್ಲ ಮಗ್ಗುಲಿಂದ. ಒಬ್ಬ ಮನುಷ್ಯ ಧಾರವಾಡದ ಕಡೆ ಮಾರಿ ಮಾಡಿ, ಎರಡೂ ಕೈ ಅಗಲಿಸಿ ನಿಂತಿದ್ದಾನೆ ಅಂದುಕೊಳ್ಳಿ. ಆ ಕೈಗಳೇ ಪೈಪು. ಅಂದರೆ ನಮ್ಮ ಮನೆಯಲ್ಲಿ ಪೈಪು ತೆಂಕಣ ಬಡಗಣವಾಗಿ ಮಲಗಬೇಕಿತ್ತು. ಅಪ್ಪನ ಟ್ರಾನ್ಸಿಸ್ಟರಿನ ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯೂ ಹೀಗೇ, ತುದಿ ಸ್ಟೇಷನ್ನಿನ ಕಡೆ ಹೊರಳಿದರೆ ದನಿ ಇಳಿಯುತ್ತದೆ.

ಪಶ್ಚಿಮ ಹುಡುಕುವಾಗಲೂ ಒಂದು ತಮಾಷೆ ಆಯಿತು. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಪೈಪಿನ ಹತ್ತಿರ ಹುಚ್ಚುಹುಚ್ಚಾಗಿ ತಿರುಗಿತು. ನಾಲ್ಕು ಹೆಜ್ಜೆ ದೂರ ಹೋದ ಮೇಲೆ ಸುಮ್ಮನಾಯಿತು. ಹೊತ್ತು ಮುಳುಗುವ ಕಡೆ ನೋಡಿ ನಿಲ್ಲಿಸುತ್ತೇನೆ ಅಂದರೆ ಅದು ಮಾರ್ಚ್, ಸೆಪ್ಟೆಂಬರ್‌ನಲ್ಲಿ ಮಾತ್ರ ಸರಿ. ಡಿಸೆಂಬರ್‌ನಲ್ಲಿ ಸೂರ್ಯ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಡೈಪೋಲ್‌ಗೆ ಅಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಹುಬ್ಬಳ್ಳಿಯೂ ಇಲ್ಲಿಂದ ಹೆಚ್ಚುಕಡಿಮೆ ಅದೇ ದಿಕ್ಕಿಗೆ ಇರುವುದರಿಂದ ಅಲ್ಲಿನ ಸ್ಟೇಷನ್ನುಗಳಿಗೆ ಬೇರೆ ತಿರುಗಿಸಬೇಕಿಲ್ಲ.

ಮುಂದಿನ ವಾರ ಇನ್ನೊಂದು ಪೈಪು ಸೇರಿಸಿದೆ. 150 ಸೆಂಟಿಮೀಟರ್ ಉದ್ದ, ತುಂಡು ಮಾಡದೆ, ಕೇಬಲ್ ಹಚ್ಚದೆ, ಡೈಪೋಲ್‌ನ ಹಿಂದೆ ಪೂರ್ವಕ್ಕೆ 60 ಸೆಂಟಿಮೀಟರ್ ದೂರದಲ್ಲಿ. ಇದು ಮುಂದಿನಿಂದ ಬಂದದ್ದನ್ನು ಡೈಪೋಲ್‌ಗೆ ವಾಪಸು ತಳ್ಳುತ್ತದೆ, ಬೆನ್ನ ಕಡೆಯದನ್ನು ತಗ್ಗಿಸುತ್ತದೆ. ಉಳಿದಿದ್ದ ಸೊಂಯ್ ಸದ್ದಿಗೆ ಸೆಟ್ಟಿನ ಸ್ಟೀರಿಯೋ ಗುಂಡಿಯನ್ನು ಮೋನೋಗೆ ಹಾಕಿದೆ. ಕಾಸಿಲ್ಲದೆ ಆಗುವ ಕೆಲಸಗಳಲ್ಲಿ ಇದಕ್ಕಿಂತ ಜಾಸ್ತಿ ಲಾಭದ್ದು ನನಗಂತೂ ಗೊತ್ತಿಲ್ಲ. ವಾರ್ತೆ ಕೇಳಲು ಎರಡು ಕಿವಿಗೆ ಬೇರೆಬೇರೆ ದನಿ ಯಾಕೆ ಬೇಕು?

ಗುಡುಗು ಶುರುವಾದರೆ ಕೇಬಲ್ ಕಿತ್ತು ಕಿಟಕಿಯ ಹೊರಗೆ ಇಡುತ್ತೇನೆ. ಉಳಿದ ತಾಪತ್ರಯ ಒಂದೇ. ದನಿ ತಟ್ಟನೆ ಕೆಟ್ಟರೆ ಅಪ್ಪ ಸೆಟ್ ಮುಟ್ಟುವುದಿಲ್ಲ, ಅಲ್ಲಿಂದಲೇ ಕೂಗುತ್ತಾರೆ: "ಮ್ಯಾಲ ಮಂಗ್ಯಾ ಕುಂತೈತಿ ನೋಡು!"