ಪೆಡಲ್‌ಗೂ ಮೊದಲು ಶೂ ಆರಿಸಿ

ಸೈಕಲ್‌ಗೆ ಹೊಸ ಪೆಡಲ್ ಹಾಕಿಸಬೇಕು ಅಂದುಕೊಂಡವರು ಮೊದಲು ವಿಚಾರಿಸುವುದು ವೇಗದ ಬಗ್ಗೆ. ಯಾವುದು ಹಗುರ, ಯಾವುದರಲ್ಲಿ ಓಟ ಹೆಚ್ಚು, ರೇಸ್‌ನವರು ಏನು ಬಳಸುತ್ತಾರೆ ಎಂದೆಲ್ಲ ಕೇಳುತ್ತಾರೆ. ಅದಕ್ಕೂ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸೈಕಲ್‌ನಿಂದ ಇಳಿದ ಮೇಲೆ ಎಷ್ಟು ನಡೆಯುತ್ತೀರಿ? ಮೆಟ್ಟಿಲು ಹತ್ತಬೇಕೇ, ಅಲ್ಲಲ್ಲಿ ನಿಂತು ಸಾಮಾನು ಕೊಳ್ಳಬೇಕೇ, ಕಲ್ಲುಹಾದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಪ್ರಸಂಗ ಬರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕರೆ ಶೂ ಯಾವುದೆಂದು ತಿಳಿಯುತ್ತದೆ. ಶೂ ತಿಳಿದರೆ ಪೆಡಲ್ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆಯೇ.

ಹೆಜ್ಜೆ 1: ಕಾಲು ಪೆಡಲ್‌ಗೆ ಅಂಟಿಕೊಂಡಿರಬೇಕೇ?

ಕಾಲನ್ನು ಸುಮ್ಮನೆ ಮೇಲಿಟ್ಟು ತುಳಿಯುವುದು ಫ್ಲ್ಯಾಟ್ ಪೆಡಲ್. ಇನ್ನೊಂದು ಬಗೆಯಲ್ಲಿ, ಶೂವಿನ ಅಟ್ಟೆಗೆ ಬಿಗಿದ ‘ಕ್ಲೀಟ್’ ಎಂಬ ಪುಟ್ಟ ತುಂಡನ್ನು ಪೆಡಲ್‌ನ ಸ್ಪ್ರಿಂಗ್ ಕಚ್ಚಿ ಹಿಡಿಯುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುವಿದರೆ ಬಿಟ್ಟುಕೊಳ್ಳುತ್ತದೆ. ಕಾಲ ಮುಂದಕ್ಕೆ ಪಂಜರವಿಟ್ಟು ಪಟ್ಟಿ ಬಿಗಿಯುವ ಹಳೆಯ ಕ್ರಮವೂ ಉಂಟು. ಅದರಲ್ಲಿ ಕಾಲು ಬಿಡಿಸಿಕೊಳ್ಳಲು ಬಗ್ಗಿ ಕೈಯಿಂದ ಪಟ್ಟಿ ಸಡಿಲಿಸಬೇಕು. ವಾಹನಗಳ ನಡುವೆ ಇದು ಆಗುವ ಮಾತಲ್ಲ. ಪಟ್ಟಿಯನ್ನು ಸಡಿಲವಾಗಿಯೇ ಬಿಟ್ಟು ಓಡಿಸುವುದಾದರೆ ಸರಿ, ಆದರೆ ಆಗ ಹಿಡಿತವೂ ಅಷ್ಟಕ್ಕಷ್ಟೇ.

ಕಚ್ಚಿ ಹಿಡಿಯುವ ಪೆಡಲ್ ಜನಪ್ರಿಯವಾದದ್ದು ಫ್ರಾನ್ಸಿನ ಲುಕ್ ಕಂಪನಿಯಿಂದ. ಹಿಮದ ಮೇಲೆ ಜಾರುವ ಸ್ಕೀಗಳಿಗೆ ಬೂಟು ಸಿಕ್ಕಿಸುವ ಸಲಕರಣೆ ಮಾಡುತ್ತಿದ್ದ ಈ ಕಂಪನಿ 1984ರಲ್ಲಿ ಅದೇ ತಂತ್ರವನ್ನು ಪೆಡಲ್‌ಗೆ ತಂದಿತು. ಮರುವರ್ಷವೇ ಫ್ರಾನ್ಸಿನ ರೇಸ್ ಸವಾರ ಬರ್ನಾರ್ಡ್ ಇನೋ ಆ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಪಂಜರ-ಪಟ್ಟಿಗಳು ರೇಸಿನಿಂದ ಮರೆಯಾಗಲು ಆಮೇಲೆ ಹೆಚ್ಚು ಕಾಲ ಹಿಡಿಯಲಿಲ್ಲ.

ಕ್ಲೀಟ್ ಹಾಕಿದರೆ ಪೆಡಲನ್ನು ಮೇಲಕ್ಕೂ ಎಳೆಯಬಹುದು, ಹಾಗಾಗಿ ಬಲ ಇಮ್ಮಡಿಯಾಗುತ್ತದೆ ಎಂದು ಹೇಳುವವರು ಬಹಳ. ನಂಬಬೇಡಿ. ನುರಿತ ಸವಾರರೂ ಮುಕ್ಕಾಲುವಾಸಿ ಬಲವನ್ನು ಕೆಳಗೆ ತುಳಿಯುವಾಗಲೇ ಹಾಕುತ್ತಾರೆ. ಏರುವ ಕಾಲು ತನ್ನ ಭಾರವನ್ನು ತಾನು ಎತ್ತಿಕೊಂಡರೆ ಸಾಕು. ಕ್ಲೀಟ್‌ನ ನಿಜವಾದ ಲಾಭ ಬೇರೆಯದು. ನಿಮಿಷಕ್ಕೆ 90-100 ಸುತ್ತು ತುಳಿಯುವಾಗ, ಹೊಂಡಗುಂಡಿಯಲ್ಲಿ ಸೈಕಲ್ ಕುಣಿಯುವಾಗ, ಸೀಟಿನಿಂದ ಎದ್ದು ಜೋರಾಗಿ ತುಳಿಯುವಾಗ ಪಾದ ಇದ್ದಲ್ಲೇ ಇರುತ್ತದೆ, ಜಾರುವುದಿಲ್ಲ. ದಿನಕ್ಕೆ ನಾಲ್ಕಾರು ಕಿಲೋಮೀಟರ್ ಓಡಾಡುವವರಿಗೆ ಈ ಲಾಭದ ಅಗತ್ಯವೇ ಬೀಳದೆ ಹೋಗಬಹುದು. ಒಮ್ಮೆ ಕೂತರೆ ಎರಡು ಮೂರು ಗಂಟೆ ತುಳಿಯುವವರಿಗೆ ಅದು ಮೊದಲ ವಾರದಲ್ಲೇ ಗೊತ್ತಾಗುತ್ತದೆ.

ಫ್ಲ್ಯಾಟ್ ಪೆಡಲ್ ಎಂದರೆ ಕಲಿಯುವವರದ್ದು ಎಂಬ ತಾತ್ಸಾರವೂ ಬೇಡ. ಬೆಟ್ಟದಿಳಿಜಾರಿನಲ್ಲಿ ಮೌಂಟನ್ ಬೈಕ್ ಓಡಿಸುವ ಎಷ್ಟೋ ಪಳಗಿದವರು ಬೇಕೆಂದೇ ಅದನ್ನು ಆರಿಸುತ್ತಾರೆ. ಆದರೆ ಒಳ್ಳೆಯ ಫ್ಲ್ಯಾಟ್ ಪೆಡಲ್ ಅಗಲವಾಗಿರಬೇಕು, ಮೇಲೆ ಸಣ್ಣ ಲೋಹದ ಮೊಳೆಗಳಿರಬೇಕು, ನಡುಭಾಗ ತುಸು ತಗ್ಗಾಗಿದ್ದರೆ ಇನ್ನೂ ಉತ್ತಮ. ಇದಕ್ಕೆ ಓಟದ ಶೂ ಹೊಂದುವುದಿಲ್ಲ. ಅದರ ಮೆತ್ತನೆಯ ಅಟ್ಟೆ ಪೆಡಲ್ ಮೇಲೆ ಬಾಗಿ, ತುಳಿದ ಬಲವನ್ನು ತಾನೇ ನುಂಗುತ್ತದೆ. ಹೊತ್ತು ಕಳೆದಂತೆ ಅಂಗಾಲು ನೋಯುತ್ತದೆ. ಅಟ್ಟೆ ಚಪ್ಪಟೆಯಾಗಿದ್ದು ಬೇಗ ಬಾಗದ, ಮೊಳೆಗಳು ಕಚ್ಚಿಕೊಳ್ಳುವಷ್ಟು ಮೃದು ರಬ್ಬರಿನ ಶೂ ಬೇಕು. ಅಂದಹಾಗೆ, ಆ ಮೊಳೆಗಳಿಗೂ ಮೊಣಕಾಲ ಕೆಳಗಿನ ಮೂಳೆಗೂ ಎಂದಾದರೊಮ್ಮೆ ಭೇಟಿಯಾಗುವುದು ಖಾತ್ರಿ.

ಹೆಜ್ಜೆ 2: ಎರಡು ಬೋಲ್ಟೋ, ಮೂರು ಬೋಲ್ಟೋ?

ಕ್ಲೀಟ್ ಬೇಕೆಂದು ತೀರ್ಮಾನಿಸಿದ್ದರೆ ಈಗ ಶೂವನ್ನು ತಲೆಕೆಳಗು ಮಾಡಿ ನೋಡಿ. ಇಡೀ ಆಯ್ಕೆ ನಿಂತಿರುವುದು ಅಟ್ಟೆಯಲ್ಲಿರುವ ತೂತುಗಳ ಮೇಲೆ.

ಎರಡು ಬೋಲ್ಟ್‌ನ ಕ್ರಮವನ್ನು ಶಿಮಾನೋ ಕಂಪನಿ 1990ರಲ್ಲಿ ಎಸ್‌ಪಿಡಿ ಎಂಬ ಹೆಸರಿನಲ್ಲಿ ತಂದಿತು. ಕ್ಲೀಟ್ ಚಿಕ್ಕದು, ಲೋಹದ್ದು, ಅಟ್ಟೆಯ ಗುಳಿಯೊಳಗೆ ಅಡಗಿ ಕೂರುತ್ತದೆ. ಸುತ್ತಲಿನ ರಬ್ಬರೇ ನೆಲಕ್ಕೆ ತಾಗುವುದರಿಂದ ಹೆಚ್ಚು ಕಡಿಮೆ ಮಾಮೂಲಿ ಶೂವಿನಂತೆಯೇ ನಡೆಯಬಹುದು. ಪೆಡಲ್‌ಗೆ ಸಾಮಾನ್ಯವಾಗಿ ಎರಡೂ ಮುಖದಲ್ಲಿ ಹಿಡಿತವಿರುತ್ತದೆ. ಹಾಗಾಗಿ ಯಾವ ಮುಖ ಮೇಲಿದೆ ಎಂದು ಕೆಳಗೆ ನೋಡುವ ಕೆಲಸವಿಲ್ಲ. ಕ್ರ್ಯಾಂಕ್ ಬ್ರದರ್ಸ್ ಕಂಪನಿಯ ಎಗ್‌ಬೀಟರ್ ಪೆಡಲ್‌ಗೆ ನಾಲ್ಕು ಮುಖ. ಕೆಸರು ಅದರಲ್ಲಿ ನಿಲ್ಲುವುದು ಕಡಿಮೆ. ಟೈಮ್ ಕಂಪನಿಯ ಮೌಂಟನ್ ಬೈಕ್ ಪೆಡಲ್‌ಗಳೂ ಇದೇ ಎರಡು ಬೋಲ್ಟ್‌ನ ಶೂಗೆ ಹೊಂದುತ್ತವೆ.

ಮೂರು ಬೋಲ್ಟ್‌ನದು ರಸ್ತೆ ಸೈಕಲ್ಲಿನ ಕ್ರಮ. ಶಿಮಾನೋದ ಎಸ್‌ಪಿಡಿ-ಎಸ್‌ಎಲ್, ಲುಕ್‌ನ ಕಿಯೋ ಇಲ್ಲಿ ಪ್ರಮುಖ. ಕ್ಲೀಟ್ ದೊಡ್ಡ ತ್ರಿಕೋನ, ಪ್ಲಾಸ್ಟಿಕ್‌ನದು, ಅಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತದೆ. ಪಾದದ ಕೆಳಗೆ ಅಗಲವಾದ ಆಸರೆ ಸಿಗುವುದರಿಂದ ದೂರದ ಸವಾರಿಯಲ್ಲಿ ಸುಖ. ಇಳಿದು ನಡೆದರೆ ಆ ಸುಖವೆಲ್ಲ ಮಾಯ: ನುಣುಪು ನೆಲದ ಮೇಲೆ ಜಾರುತ್ತದೆ, ಮೆಟ್ಟಿಲಿಳಿಯುವಾಗ ಜೀವ ಕೈಯಲ್ಲಿ ಹಿಡಿಯಬೇಕು. ಕ್ಲೀಟ್‌ಗೆ ರಬ್ಬರ್ ಮುಚ್ಚಳ ಸಿಗುತ್ತದಾದರೂ ನಿಂತಲ್ಲೆಲ್ಲ ಅದನ್ನು ಹಾಕಿ ತೆಗೆಯುವ ವ್ಯವಧಾನ ಯಾರಿಗಿದೆ?

ಸ್ಪೀಡ್‌ಪ್ಲೇ ಎಂಬ ಇನ್ನೊಂದು ಕ್ರಮಕ್ಕೆ ನಾಲ್ಕು ತೂತು. ಮೂರು ತೂತಿನ ಶೂಗೂ ಅದನ್ನು ಅಡಾಪ್ಟರ್ ಪಟ್ಟಿಯಿಟ್ಟು ಕೂರಿಸಬಹುದು. ಇದರಲ್ಲಿ ಹಿಡಿಯುವ ಯಂತ್ರ ಇರುವುದು ಕ್ಲೀಟ್‌ನಲ್ಲಿ, ಪೆಡಲ್‌ನಲ್ಲಲ್ಲ. ಕ್ಲೀಟ್‌ನೊಳಗೆ ಮಣ್ಣು ಹೊಕ್ಕರೆ ತಕರಾರು ಶುರು.

ಇಲ್ಲಿ ಬಹಳ ಜನ ಎಡವುತ್ತಾರೆ. ತೂತು ಹೊಂದಿದ ಮಾತ್ರಕ್ಕೆ ಕ್ಲೀಟ್ ಪೆಡಲ್‌ಗೆ ಹೊಂದುತ್ತದೆಂದಲ್ಲ. ಕಿಯೋ ಕ್ಲೀಟ್ ಮತ್ತು ಎಸ್‌ಪಿಡಿ-ಎಸ್‌ಎಲ್ ಕ್ಲೀಟ್ ಒಂದೇ ಶೂಗೆ ಕೂರುತ್ತವೆ, ಆದರೆ ಒಂದರ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಆಗದು. ಎಸ್‌ಪಿಡಿ, ಕ್ರ್ಯಾಂಕ್ ಬ್ರದರ್ಸ್, ಟೈಮ್ ನಡುವೆಯೂ ಇದೇ ಕಥೆ. ಪೆಡಲ್ ಜತೆ ಪೆಟ್ಟಿಗೆಯಲ್ಲಿ ಬರುವ ಕ್ಲೀಟನ್ನೇ ಬಳಸಿದರೆ ಗೊಂದಲವಿಲ್ಲ.

ನನ್ನನ್ನು ಕೇಳಿದರೆ, ರೇಸ್ ಗೀಳಿಲ್ಲದ ಹತ್ತರಲ್ಲಿ ಎಂಟು ಮಂದಿಗೆ ಎರಡು ಬೋಲ್ಟ್ ಸಾಕು, ರಸ್ತೆ ಸೈಕಲ್ ಇದ್ದರೂ ಕೂಡ. ಒಂದು ಮುಖ ಫ್ಲ್ಯಾಟ್, ಇನ್ನೊಂದು ಮುಖ ಎಸ್‌ಪಿಡಿ ಇರುವ ಪೆಡಲೂ ಸಿಗುತ್ತದೆ. ವಾರವಿಡೀ ಮಾಮೂಲಿ ಶೂ, ಭಾನುವಾರ ಕ್ಲೀಟ್ ಶೂ ಎನ್ನುವವರಿಗೆ ಅದು ಅನುಕೂಲ. ಬೇಕಾದ ಮುಖ ಹುಡುಕಲು ಆಗಾಗ ಕೆಳಗೆ ನೋಡಬೇಕಾಗುತ್ತದೆ, ಅಷ್ಟೇ.

ಹೆಜ್ಜೆ 3: ಶೂ ಹಾಕಿ ನೋಡಿ

ಸಂಜೆ ಹೊತ್ತು ಹಾಕಿ ನೋಡಿ. ಆ ವೇಳೆಗೆ ಪಾದ ತುಸು ಊದಿರುತ್ತದೆ, ಸವಾರಿಯಲ್ಲಿ ಊದುವ ಹಾಗೆಯೇ. ಹಿಮ್ಮಡಿ ಎತ್ತಿದರೆ ಶೂ ಜತೆಗೇ ಬರಬೇಕು, ಬೆರಳುಗಳಿಗೆ ಅಲುಗಾಡಲು ಜಾಗವಿರಬೇಕು. ಪಕ್ಕದಲ್ಲಿ ಒತ್ತಿದರೆ ಮುಂದೆ ಸರಿಹೋಗುತ್ತದೆಂದು ಕೊಳ್ಳಬೇಡಿ. ಗಟ್ಟಿ ಅಟ್ಟೆಯ ಶೂ ಚರ್ಮದ ಚಪ್ಪಲಿಯಂತೆ ಹಿಗ್ಗುವುದಿಲ್ಲ. ಕಾರ್ಬನ್ ಅಟ್ಟೆ ಅತಿ ಗಟ್ಟಿ, ನೈಲಾನ್ ಅಟ್ಟೆ ಕೊಂಚ ಬಾಗುತ್ತದೆ. ನಡಿಗೆಯೂ ಇರುವವರಿಗೆ ನೈಲಾನೇ ವಾಸಿ. ಲೇಸೋ ವೆಲ್ಕ್ರೋವೋ ತಿರುಗಿಸುವ ಗುಂಡಿಯೋ ಎಂಬುದು ರುಚಿಗೆ ಬಿಟ್ಟದ್ದು. ಲೇಸ್ ಇದ್ದರೆ ತುದಿ ಚೈನ್‌ಗೆ ಸಿಗದಂತೆ ಒಳಗೆ ಸಿಕ್ಕಿಸಿಡಿ.

ಹೆಜ್ಜೆ 4: ಪಾದಕ್ಕೆ ಎಷ್ಟು ಸ್ವಾತಂತ್ರ್ಯ?

ಬೀಗದೊಳಗೆ ಕೀಲಿ ತುಸು ಅಲುಗಾಡುವ ಹಾಗೆ, ಪೆಡಲ್‌ಗೆ ಸಿಕ್ಕಿದ ಮೇಲೂ ಹಿಮ್ಮಡಿ ಅತ್ತಿತ್ತ ಕೆಲವು ಡಿಗ್ರಿ ತಿರುಗುತ್ತದೆ. ಇದನ್ನು ಫ್ಲೋಟ್ ಎನ್ನುತ್ತಾರೆ. ತುಳಿಯುವಾಗ ಮಂಡಿ ಒಂದೇ ಗೆರೆಯಲ್ಲಿ ಏರಿಳಿಯುವುದಿಲ್ಲವಾದ್ದರಿಂದ ಈ ಸಡಿಲ ಬೇಕು.

ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಬಣ್ಣ ನೋಡಿ ಗುರುತಿಸಬಹುದು: ಹಳದಿಗೆ 6 ಡಿಗ್ರಿ, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಿಯೋದಲ್ಲಿ ಕೆಂಪಿಗೆ 9 ಡಿಗ್ರಿ, ಬೂದು ಬಣ್ಣಕ್ಕೆ 4.5, ಕಪ್ಪಿಗೆ ಸೊನ್ನೆ. ಒಂದರಲ್ಲಿ ಕೆಂಪು ಅತಿ ಬಿಗಿ, ಇನ್ನೊಂದರಲ್ಲಿ ಅತಿ ಸಡಿಲ! ಬಣ್ಣದ ಹೆಸರನ್ನಷ್ಟೇ ಹೇಳಿ ತರಿಸಿದರೆ ಮಂಡಿ ದಂಡ ತೆರುತ್ತದೆ. ಹೊಸಬರು ಹಳದಿ ಅಥವಾ ಬೂದು ಬಣ್ಣದಿಂದ ಶುರುಮಾಡಲಿ. ಸೊನ್ನೆ ಡಿಗ್ರಿಯ ತಂಟೆಗೆ ಹೋಗುವುದೇ ಬೇಡ.

ಎಸ್‌ಪಿಡಿಯಲ್ಲಿ ಗಮನಿಸಬೇಕಾದದ್ದು ಬೇರೆ. ಎಸ್‌ಎಚ್51 ಕ್ಲೀಟ್ ಹಿಮ್ಮಡಿ ಪಕ್ಕಕ್ಕೆ ತಿರುಗಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಹಲವು ದಿಕ್ಕಿಗೆ ಬಿಡುತ್ತದೆ, ಗಾಬರಿಯಲ್ಲಿ ಕಾಲು ಕಿತ್ತರೂ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಬೀಳುವ ಭಯವಿದ್ದವರಿಗೆ ಎರಡನೆಯದು ಒಳ್ಳೆಯದು. ಆದರೆ ನಿಂತು ಜೋರಾಗಿ ತುಳಿಯುವಾಗ ಅದು ಬೇಡದಿದ್ದರೂ ಬಿಟ್ಟುಕೊಳ್ಳಬಹುದು ಎಂಬುದು ನೆನಪಿರಲಿ.

ಹೆಜ್ಜೆ 5: ಪೆಡಲ್ ಕೂರಿಸುವುದು

ವಯಸ್ಕರ ಬಹುತೇಕ ಸೈಕಲ್‌ಗಳಲ್ಲಿ ಪೆಡಲ್ ಥ್ರೆಡ್ಡಿನ ಅಳತೆ 9/16 ಇಂಚು. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಎರಡೂ ಬದಿಗೆ ಸೇರಿ ಒಂದೇ ತುಂಡಿನದಾಗಿರುವ ಕೆಲವು ಸೈಕಲ್‌ಗಳಲ್ಲಿ ಮಾತ್ರ 1/2 ಇಂಚು. ಬೇಕಾಗುವುದು 15 ಮಿ.ಮೀ. ಸ್ಪ್ಯಾನರ್, ಇಲ್ಲವೇ 6 ಅಥವಾ 8 ಮಿ.ಮೀ. ಅಲೆನ್ ಕೀ.

ಎಡ ಪೆಡಲ್‌ಗೆ ಉಲ್ಟಾ ಥ್ರೆಡ್. ತುಳಿಯುವ ಭಾರ ಸುತ್ತುತ್ತಾ ಹೋಗುವಾಗ ಪೆಡಲ್ ತಾನಾಗಿ ಬಿಚ್ಚಿಕೊಳ್ಳಬಾರದೆಂದು ಈ ಏರ್ಪಾಡು. ಪ್ರದಕ್ಷಿಣೆ, ಅಪ್ರದಕ್ಷಿಣೆ ಎಂದು ತಲೆ ಕೆಡಿಸಿಕೊಳ್ಳುವ ಬದಲು ಇಷ್ಟು ನೆನಪಿಡಿ: ಪೆಡಲ್‌ನ ಅಚ್ಚು ಮುಂದಿನ ಚಕ್ರದ ಕಡೆಗೆ ಉರುಳುವಂತೆ ತಿರುಗಿಸಿದರೆ ಎರಡೂ ಬದಿ ಬಿಗಿಯಾಗುತ್ತದೆ, ಹಿಂದಿನ ಚಕ್ರದ ಕಡೆಗೆ ಉರುಳಿದರೆ ಬಿಚ್ಚುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತನ್ನು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಹೊಕ್ಕಿದೆ ಎಂದೇ ಅರ್ಥ. ಸ್ಪ್ಯಾನರ್ ಹಾಕಿ ಬಲಾತ್ಕಾರ ಮಾಡಿದರೆ ಕ್ರ್ಯಾಂಕ್‌ನ ಥ್ರೆಡ್ಡೇ ಹಾಳು.

ಹೆಜ್ಜೆ 6: ಕ್ಲೀಟ್‌ನ ಜಾಗ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಯೇ. ಮಂಡಿ ನೋವಿಗೆ ಪೆಡಲನ್ನು ಬೈಯುವವರ ಕ್ಲೀಟ್ ನೋಡಿದರೆ ಎಷ್ಟೋ ಸಲ ಅದು ಸೊಟ್ಟಗೆ ಕೂತಿರುತ್ತದೆ.

ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದ ಉಬ್ಬಿದ ಕೀಲನ್ನು ಬೆರಳಿನಿಂದ ತಡವಿ ಹುಡುಕಿ, ಶೂವಿನ ಪಕ್ಕದಲ್ಲಿ ಗುರುತು ಹಾಕಿ. ಹೊರಬದಿಯಲ್ಲಿ ಕಿರುಬೆರಳಿನ ಬುಡಕ್ಕೂ ಹಾಗೆಯೇ. ಎರಡು ಗುರುತುಗಳ ನಡುವೆ ಅಟ್ಟೆಯ ಮೇಲೊಂದು ಗೆರೆ ಎಳೆದರೆ ಅದರ ಮಧ್ಯಬಿಂದುವಿನ ಆಸುಪಾಸಿನಲ್ಲಿ ಪೆಡಲ್‌ನ ಅಚ್ಚು ಬರಬೇಕು. ಅನುಮಾನವಿದ್ದರೆ ತುಸು ಹಿಂದಕ್ಕೆ, ಅಂದರೆ ಹಿಮ್ಮಡಿಯ ಕಡೆಗೆ ಸರಿಸಿ. ತೀರ ಮುಂದಿದ್ದರೆ ಮೀನಖಂಡಕ್ಕೆ ದುಡಿಮೆ ಹೆಚ್ಚಿ, ಬೆರಳುಗಳು ಜೋಮು ಹಿಡಿಯುತ್ತವೆ.

ಇನ್ನು ಕೋನ. ಮೇಜಿನ ಅಂಚಿನಲ್ಲಿ ಕೂತು ಕಾಲುಗಳನ್ನು ಇಳಿಬಿಡಿ. ಪಾದದ ತುದಿ ಸಹಜವಾಗಿ ಎತ್ತ ನೋಡುತ್ತದೋ ಪೆಡಲ್ ಮೇಲೂ ಅತ್ತಲೇ ನೋಡಬೇಕು. ಬೆರಳುಗಳು ಹೊರಗೆ ತಿರುಗಬೇಕೆಂದರೆ ಕ್ಲೀಟ್‌ನ ಮೂತಿಯನ್ನು ಒಳಗೆ ತಿರುಗಿಸಬೇಕು. ಇದು ತಲೆಗೆ ಹೊಳೆಯುವುದಕ್ಕೆ ಸರಿಯಾಗಿ ವಿರುದ್ಧ. ಎಡಕ್ಕೂ ಬಲಕ್ಕೂ ಒಂದೇ ಕೋನ ಇರಲೇಬೇಕೆಂದೂ ಇಲ್ಲ.

ಬೋಲ್ಟ್‌ಗೆ ಗ್ರೀಸ್ ಹಚ್ಚಿ 5-6 ನ್ಯೂಟನ್ ಮೀಟರ್ ಬಿಗಿ ಕೊಡಿ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಗಿಡ್ಡ ಅಲೆನ್ ಕೀಯಿಂದ ಗಟ್ಟಿಯಾಗಿ ಬಿಗಿದು, ಕ್ಲೀಟ್ ಕೈಗೆ ಜಗ್ಗದೆಂದು ಖಚಿತ ಮಾಡಿಕೊಳ್ಳಿ. ಆಮೇಲೆ ಸೀಟಿನ ಎತ್ತರ ನೋಡಿ. ಹಳೆಯ ಶೂವಿನ ದಪ್ಪ ಅಟ್ಟೆ ಹೋಗಿ ತೆಳು ಅಟ್ಟೆ ಬಂದಿದ್ದರೆ ಕೆಲವು ಮಿ.ಮೀ. ಇಳಿಸಬೇಕಾದೀತು.

ಹೆಜ್ಜೆ 7: ಗೋಡೆ ಹಿಡಿದು ಅಭ್ಯಾಸ

ಪೆಡಲ್‌ನ ಬಿಗಿ ಹೊಂದಿಸುವ ಪುಟ್ಟ ತಿರುಪನ್ನು ಮೊದಲು ಅತಿ ಸಡಿಲಕ್ಕೆ ತನ್ನಿ. ಒಂದು ಕೈಯಲ್ಲಿ ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದೇ ಕಾಲನ್ನು ಸಿಕ್ಕಿಸಿ ಬಿಡಿಸಿ ಮಾಡಿ. ಕಾಲನ್ನು ಮೇಲಕ್ಕೆ ಎಳೆಯಬೇಡಿ, ಹಿಮ್ಮಡಿಯನ್ನು ಹೊರಕ್ಕೆ ಒದೆಯಿರಿ. ಯೋಚಿಸದೆ ಬರುವಷ್ಟಾದ ಮೇಲೆ ಇನ್ನೊಂದು ಕಾಲು, ನಂತರ ಖಾಲಿ ಮೈದಾನ. ಹೊಸಬರು ಬೀಳುವುದು ವೇಗದಲ್ಲಲ್ಲ, ನಿಂತಾಗ. ಸಿಗ್ನಲ್‌ಗೆ ಬಂದು ನಿಂತ ಮೇಲೆ ಕಾಲು ಬಿಡಿಸಲು ಹೊರಟರೆ ತಡವಾಗಿರುತ್ತದೆ. ಬ್ರೇಕ್ ಮುಟ್ಟುವ ಹೊತ್ತಿಗೇ ಒಂದು ಕಾಲು ಬಿಡಿಸಿಕೊಂಡು ಅದೇ ಬದಿಗೆ ತುಸು ವಾಲಬೇಕು.

ಆಮೇಲೆ ನೋಡಿಕೊಳ್ಳಬೇಕಾದದ್ದು

ಪ್ಲಾಸ್ಟಿಕ್ ಕ್ಲೀಟ್ ನಡೆದಷ್ಟೂ ಸವೆಯುತ್ತದೆ. ಸಿಕ್ಕಿಸುವಾಗಿನ ‘ಟಕ್’ ಸದ್ದು ಮಂಕಾದರೆ, ತಾನಾಗಿಯೇ ಬಿಟ್ಟುಕೊಂಡರೆ ಬದಲಿಸಿ. ತೆಗೆಯುವ ಮುನ್ನ ಹಳೆಯ ಕ್ಲೀಟ್‌ನ ಸುತ್ತ ಪೆನ್ನಿನಿಂದ ಗೆರೆ ಎಳೆದಿಟ್ಟುಕೊಂಡರೆ ಹೊಸದನ್ನು ಅದೇ ಜಾಗದಲ್ಲಿ ಕೂರಿಸಬಹುದು. ಲೋಹದ ಎಸ್‌ಪಿಡಿ ಕ್ಲೀಟ್ ಇದಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ.

ಮೊದಲ ಕೆಲವು ಸವಾರಿಗಳಾದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು. ಒಂದು ಬೋಲ್ಟ್ ಬಿದ್ದುಹೋದರೆ ಹಿಮ್ಮಡಿ ತಿರುವಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಹಾಗಾದರೆ ಗಾಬರಿಯಾಗದೆ ಇನ್ನೊಂದು ಕಾಲನ್ನು ಬಿಡಿಸಿ ನೆಲಕ್ಕೂರಿ, ಸಿಕ್ಕಿಕೊಂಡ ಶೂವಿನಿಂದ ಪಾದವನ್ನಷ್ಟೇ ಹೊರಗೆಳೆದು ಇಳಿಯಿರಿ. ಶೂವನ್ನು ಆಮೇಲೆ ಕೈಯಿಂದ ಬಿಡಿಸಬಹುದು. ಪಂಕ್ಚರ್ ಸಾಮಾನಿನ ಚೀಲದಲ್ಲಿ ಒಂದು ಹೆಚ್ಚುವರಿ ಕ್ಲೀಟ್ ಬೋಲ್ಟ್, ಅದಕ್ಕೆ ಹೊಂದುವ ಅಲೆನ್ ಕೀ ಇಟ್ಟಿರಿ.