ಬಂಡೂರು ಮಂದೆಗೆ ಬೀಜದ ಟಗರು: ತೂಗುವುದು, ಅಳೆಯುವುದು, ಆರಿಸುವುದು

ಸಂತೆಯಲ್ಲಿ ಬಂಡೂರು ಕುರಿತಳಿಯ ಟಗರುಮರಿಗೆ ಬೆಲೆ ಕಟ್ಟುವುದು ಕಣ್ಣಳತೆಯಲ್ಲಿ: ಗಿಡ್ಡ ಕಾಲು, ಅಗಲ ಬೆನ್ನು, ತುಂಬಿದ ತೊಡೆ. ಮಾಂಸಕ್ಕೆ ಕೊಳ್ಳುವವರಿಗೆ ಅಷ್ಟು ಸಾಕು. ಮರಿ ಹುಟ್ಟಿಸಲು ಮಂದೆಗೆ ಬಿಡುವ ಬೀಜದ ಟಗರಿಗೆ ಅದು ಸಾಲದು. ನಾಲ್ಕು ವಾರ ಮೊದಲೇ ಹುಟ್ಟಿದ್ದು, ಒಂಟಿಯಾಗಿ ಹುಟ್ಟಿ ತಾಯಿಯ ಹಾಲನ್ನೆಲ್ಲ ತಾನೇ ಕುಡಿದದ್ದು ದೊಡ್ಡದಾಗಿಯೇ ಕಾಣುತ್ತದೆ. ಆ ದಪ್ಪ ಅದರ ಮರಿಗಳಿಗೆ ಇಳಿಯುವುದಿಲ್ಲ.

ಹುಟ್ಟಿದ ಮರಿಯ ಮೈ ಒಣಗಿದ ಮೇಲೆ, 24 ಗಂಟೆಯೊಳಗೆ ಅದನ್ನು ತೂಗಿ, ಕಿವಿಗೆ ನಂಬರಿನ ಓಲೆ ಹಾಕಿ. ಹುಟ್ಟಿದ ತಾರೀಕು, ತಾಯಿ ಮತ್ತು ತಂದೆಯ ನಂಬರು, ಒಂಟಿಯೋ ಅವಳಿಯೋ, ತಾಯಿಗೆ ಎಷ್ಟನೇ ಸೂಲು ಎಂಬುದೆಲ್ಲ ಪುಸ್ತಕಕ್ಕೆ ಏರಬೇಕು. ಸತ್ತ ಮರಿಯನ್ನೂ ಬರೆಯಿರಿ. ತಂದೆ ಯಾವುದೆಂದು ಖಚಿತವಾಗಲು ಒಂದು ಗುಂಪಿಗೆ ಒಂದೇ ಟಗರನ್ನು 35 ದಿನ ಬಿಡಿ. ಬೆದೆ ಸುಮಾರು 17 ದಿನಕ್ಕೊಮ್ಮೆ ಬರುವುದರಿಂದ ಎರಡು ಸರದಿ ಸಿಗುತ್ತದೆ. ಮುಂದಿನ ಟಗರಿಗೆ ಮುನ್ನ ಎರಡು ವಾರ ಅಂತರ ಇರಲಿ. ಗಬ್ಬದ ಅವಧಿ ಐದಾರು ದಿನ ಹಿಂದುಮುಂದಾದರೂ ಆಗ ಗೊಂದಲವಿಲ್ಲ.

ಆಮೇಲೆ 3, 6, 9, 12 ತಿಂಗಳಿಗೆ ತೂಕ. ಹಾಲು ಬಿಟ್ಟ ಮರಿಗಳಿಗೆ ಹಿಂದಿನ ಸಂಜೆಯಿಂದ ಮೇವು, ನೀರು ಬೇಡ. ಬೆಳಿಗ್ಗೆ ಮೇಯಲು ಬಿಡುವ ಮುಂಚೆಯೇ ತೂಗಿ. ಇಲ್ಲದಿದ್ದರೆ ನೀವು ತೂಗುವುದು ಹೊಟ್ಟೆಯೊಳಗಿನ ಮೇವನ್ನು. ತಕ್ಕಡಿಯನ್ನು ಪ್ರತಿಸಲ ಪರೀಕ್ಷಿಸಿ: ಖಾಲಿ ಕ್ಯಾನು ತೂಗಿ, ಅಳೆದು 5 ಲೀಟರ್ ನೀರು ತುಂಬಿ ಮತ್ತೆ ತೂಗಿದರೆ 5 ಕೆಜಿ ಹೆಚ್ಚಬೇಕು. ಮರಿಯನ್ನು ತೂಗುಹಾಕುವ ಚೀಲದ ತೂಕ ಕಳೆಯಲು ಮರೆಯಬೇಡಿ.

ಮೂರು ತಿಂಗಳ ತೂಕವನ್ನು ಹಾಗೇ ಹೋಲಿಸುವಂತಿಲ್ಲ, 90 ದಿನಕ್ಕೆ ತಿದ್ದಬೇಕು. ಈಗಿನ ತೂಕದಿಂದ ಹುಟ್ಟುತೂಕ ಕಳೆದು, ವಯಸ್ಸಿನ ದಿನಗಳಿಂದ ಭಾಗಿಸಿ, 90ರಿಂದ ಗುಣಿಸಿ, ಹುಟ್ಟುತೂಕ ಕೂಡಿಸಿ. ಒಂದು ಮರಿ 2.8 ಕೆಜಿ ಹುಟ್ಟಿ 102ನೇ ದಿನ 14 ಕೆಜಿ, ಇನ್ನೊಂದು 2.2 ಕೆಜಿ ಹುಟ್ಟಿ 81ನೇ ದಿನ 11.6 ಕೆಜಿ ಎಂದುಕೊಳ್ಳಿ. ತಿದ್ದಿದ ಮೇಲೆ 12.7 ಮತ್ತು 12.6. ಕಣ್ಣಿಗೆ ಕಂಡ 2.4 ಕೆಜಿ ಅಂತರದಲ್ಲಿ ಉಳಿದದ್ದು ಏನೂ ಇಲ್ಲ. ಎರಡನೆಯದು ಅವಳಿಯಾಗಿದ್ದರೆ ಅದೇ ಮೇಲು. ಬಂಡೂರು ತಳಿಯಲ್ಲಿ ಅವಳಿ ಅಪರೂಪವಾದ್ದರಿಂದ, ಒಂಟಿ-ಅವಳಿಗಳ ಸರಾಸರಿ ವ್ಯತ್ಯಾಸ ಹಿಡಿದು ತೂಕ ತಿದ್ದುವುದು ಕಷ್ಟ. ಅವಳಿಗಳನ್ನು ಒಂಟಿ ಮರಿಗಳ ಸಾಲಿನಲ್ಲಿ ನಿಲ್ಲಿಸಿ ತಳ್ಳಿಹಾಕದಿದ್ದರೆ ಸಾಕು. ಚೊಚ್ಚಲು ತಾಯಿಯ ಮರಿಗೂ ಇದೇ ರಿಯಾಯಿತಿ. ಕೊಟ್ಟಿಗೆಯಲ್ಲಿ ಹಿಂಡಿ ತಿಂದ ಮರಿಯನ್ನು ಬಯಲಲ್ಲಿ ಮೇದದ್ದರ ಜೊತೆ ಹೋಲಿಸಲೇಬೇಡಿ.

ತೂಕದ ಜೊತೆ ಅಳತೆಯೂ ಬೇಕು. ಎದೆ ಸುತ್ತಳತೆಗೆ ಕುರಿಯನ್ನು ಸಮನೆಲದಲ್ಲಿ ನಾಲ್ಕೂ ಕಾಲು ನೆಟ್ಟಗೆ ನಿಲ್ಲಿಸಿ, ಮುಂಗಾಲಿನ ಹಿಂದೆಯೇ ಟೇಪು ಸುತ್ತಿ. ಎರಡು ಸಲ ಅಳೆದು, 1 ಸೆಂಮೀಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯದು.

ಟಗರಿನಲ್ಲಿ ವೃಷಣದ ಸುತ್ತಳತೆ ತಪ್ಪಿಸಬೇಡಿ, ವೀರ್ಯದ ಉತ್ಪಾದನೆ ಅದರ ಮೇಲೆ ನಿಂತಿದೆ. ಒಂದು ಕೈಯಿಂದ ಎರಡೂ ವೃಷಣಗಳನ್ನು ಚೀಲದ ತಳಕ್ಕೆ ಇಳಿಸಿ, ಅತಿ ಅಗಲವಾದಲ್ಲಿ ಅಳೆಯಿರಿ. ಚಳಿಗೆ ಅವು ಮೇಲಕ್ಕೆ ಸರಿಯುತ್ತವೆ. ಬಿಸಿಲೇರಿದ ಮೇಲೆ ಅಳೆಯುವುದು ಲೇಸು. ಒಂದು ಚಿಕ್ಕದಾಗಿದ್ದರೆ, ಗಂಟು ಸಿಕ್ಕಿದರೆ, ಎಷ್ಟೇ ತೂಕವಿದ್ದರೂ ಆ ಟಗರು ಬೇಡ.

ನಮ್ಮಲ್ಲಿ ಹೆಚ್ಚು ನಷ್ಟವಾಗುವುದು ಬಕ್ರೀದಿಗೆ ಮುಂಚೆ: ಚೆನ್ನಾಗಿ ಬೆಳೆದ ಟಗರುಗಳೇ ಮೊದಲು ಮಾರಾಟವಾಗಿ, ಉಳಿದವುಗಳಲ್ಲಿ ಆರಿಸಬೇಕಾಗುತ್ತದೆ. ಆರು ತಿಂಗಳ ತೂಕ ಬಂದ ಕೂಡಲೇ ಬೇಕಾದುದರ ಎರಡು ಪಟ್ಟು ಟಗರುಗಳಿಗೆ ಗುರುತು ಹಾಕಿ, ಒಂಬತ್ತು ತಿಂಗಳ ಅಳತೆ ಮುಗಿಯುವ ತನಕ ಯಾವ ಬೆಲೆಗೂ ಕೊಡಬೇಡಿ.