ಹಳೇ ಮೊಬೈಲ್ ಕೊಡುವ ಮುಂಚೆ ಅದರ ಬೀಗ ತೆಗೆಯಿರಿ

ದಾವಣಗೆರೆಯ ಓಣಿಗಳಲ್ಲಿ ಬೈಕಿಗೆ ಮೈಕ್ ಕಟ್ಟಿಕೊಂಡು ಬರುವವರನ್ನು ನೋಡಿರುತ್ತೀರಿ. ಹಳೇ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಟಬ್ ತಗೊಳ್ಳಿ ಅಂತಾರೆ. ಪಕ್ಕದ ಮನೆ ಅಕ್ಕ ಹೋದ ತಿಂಗಳು ಎರಡು ಫೋನ್ ಕೊಟ್ಟು ಒಂದು ಟಬ್ ತಗೊಂಡರು. ಮಗಳ ಸೀಮಂತದ ಫೋಟೊ ಇದ್ದ ಮೆಮೊರಿ ಕಾರ್ಡೂ ಅದರ ಜೊತೆ ಹೋಯಿತು. ಹಾಗೆ ಕೊಡಬೇಡಿ. ಹಾಗಂತ ಡ್ರಾಯರಿನಲ್ಲಿ ಸುಮ್ನೆ ಇಟ್ಟುಕೊಂಡೂ ಇರಬೇಡಿ.

ಫೋನಿನೊಳಗೆ ಟ್ಯಾಂಟಲಮ್ ಅಂತ ಒಂದು ಲೋಹ ಇರುತ್ತದೆ. ಅದು ಬರುವುದು ಕೋಲ್ಟಾನ್ ಅದಿರಿನಿಂದ. ಈ ಅದಿರಿನ ದೊಡ್ಡ ಪಾಲು ಆಫ್ರಿಕಾದ ಕಾಂಗೋ ದೇಶದ್ದು. ಅಲ್ಲಿನ ಕಾಹುಜಿ-ಬಿಯೆಗಾ ಕಾಡಿನಲ್ಲಿ ಕೋಲ್ಟಾನ್ ಅಗೆಯಲು ಬಂದವರು ಕಾಡು ಕಡಿದರು, ಊಟಕ್ಕೆ ಗೊರಿಲ್ಲಾಗಳನ್ನೂ ಕೊಂದರು. ಆ ಭಾಗದ ಗ್ರೌವರ್ ಗೊರಿಲ್ಲಾ 2016ರಲ್ಲಿ ಅಳಿವಿಗೆ ತೀರಾ ಹತ್ತಿರವಿರುವ ಪ್ರಾಣಿಗಳ ಪಟ್ಟಿಗೆ ಸೇರಿತು. ನಮ್ಮ ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಉಳಿಯಬೇಕು ಅಂತ ನಾವು ಆಸೆಪಡುತ್ತೇವಲ್ಲ, ಅವರಿಗೂ ಅವರ ಗೊರಿಲ್ಲಾ ಹಾಗೇ ಅಲ್ವಾ?

ಮರುಬಳಕೆ ಘಟಕದಲ್ಲಿ ಫೋನ್ ಬಿಚ್ಚಿದರೆ ಚಿನ್ನ, ಬೆಳ್ಳಿ, ತಾಮ್ರ ವಾಪಸ್ ಸಿಗುತ್ತವೆ. ಟ್ಯಾಂಟಲಮ್ ಮಾತ್ರ ಸಿಗುವುದು ಅಪರೂಪ. ಅದಕ್ಕೇ ನಾನು ಹೇಳುವುದು, ಓಡುವ ಫೋನ್ ಮೊದಲು ಇನ್ನೊಬ್ಬರ ಕೈಗೆ ಹೋಗಲಿ, ಇನ್ನೆರಡು ವರ್ಷ ಓಡಲಿ. ಸತ್ತ ಫೋನ್ ಘಟಕಕ್ಕೆ ಹೋಗಲಿ.

ಮೊದಲ ಕೆಲಸ ಸುಲಭ. ಫೋಟೊ, ನಂಬರು, ವಾಟ್ಸ್ಆ್ಯಪ್ ಹೊಸ ಫೋನಿಗೆ ತಗೊಳ್ಳಿ. ಫೋನ್‌ಪೇ, ಗೂಗಲ್ ಪೇ ಹೊಸದರಲ್ಲಿ ನಡೆಯುತ್ತಿದೆಯಾ ನೋಡಿ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ.

ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಮ್ಮ ಚಿಕ್ಕಪ್ಪ ತೋಟದಲ್ಲಿ ಕೆಲಸ ಮಾಡುವ ಹುಡುಗನಿಗೆ ಅಂತ ಹಳೇ ಫೋನ್ ಎತ್ತಿಟ್ಟಿದ್ದರು. ಪ್ಯಾಟರ್ನ್ ಮರೆತುಹೋಗಿತ್ತು. ಯಾರೋ ಹೇಳಿಕೊಟ್ಟರು ಅಂತ ಪವರ್ ಬಟನ್, ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ರಿಸೆಟ್ ಮಾಡಿದರು. ಆನ್ ಆದ ಮೇಲೆ ಅದು ಹಳೇ ಜಿಮೇಲ್ ಪಾಸ್‌ವರ್ಡ್ ಕೇಳಿತು. ಆ ಜಿಮೇಲನ್ನು ಅಂಗಡಿಯ ಹುಡುಗ ಮಾಡಿಕೊಟ್ಟಿದ್ದ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಚೆನ್ನಾಗಿದ್ದ ಫೋನ್ ಕಲ್ಲಾಯಿತು. ಕಳ್ಳರಿಗೆ ಉಪಯೋಗಕ್ಕೆ ಬಾರದಿರಲಿ ಅಂತ ಇಟ್ಟ ಬೀಗ ಅದು, ಆದರೆ ನಾವು ತೆಗೆಯದೇ ಕೊಟ್ಟರೆ ಒಳ್ಳೆಯವರಿಗೂ ಅಷ್ಟೇ.

ಹಾಗಾಗಿ ಅಕೌಂಟ್ ಮೊದಲು, ರಿಸೆಟ್ ಆಮೇಲೆ. ಈ ಕ್ರಮ ತಪ್ಪಬಾರದು. ಪಾಸ್‌ವರ್ಡ್ ನೆನಪಿದೆಯಾ ಅಂತ ಹೊಸ ಫೋನಿನಲ್ಲಿ ಲಾಗಿನ್ ಆಗಿ ನೋಡಿ. ಆಮೇಲೆ ಹಳೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆಯಿರಿ. ಒಂದೇ ಅಲ್ಲ, ಮಗನ ಆನ್‌ಲೈನ್ ಕ್ಲಾಸಿಗೆ ಅಂತ ಹಾಕಿದ್ದ ಇನ್ನೊಂದು ಜಿಮೇಲ್ ಇದ್ದರೆ ಅದನ್ನೂ. ಫೋನ್ ಕಂಪನಿಯದೇ ಅಕೌಂಟ್ ಇದ್ದರೆ ಅದನ್ನೂ. ಸ್ಕ್ರೀನ್ ಲಾಕ್ ತೆಗೆಯಿರಿ. ಇಷ್ಟಾದ ಮೇಲೆ ಸೆಟ್ಟಿಂಗ್ಸ್ ಒಳಗಿನಿಂದಲೇ ಫ್ಯಾಕ್ಟರಿ ರಿಸೆಟ್ ಕೊಡಿ, ಬಟನ್ ಒತ್ತಿ ಬೇಡ. ಐಫೋನ್ ಆದರೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಆಫ್ ಮಾಡಿ, ಆಪಲ್ ಅಕೌಂಟಿನಿಂದ ಸೈನ್ ಔಟ್ ಆಗಿ, ಆಮೇಲೆ ಅಳಿಸಿ.

ರಿಸೆಟ್ ಆದ ಮೇಲೆ ಒಮ್ಮೆ ಆನ್ ಮಾಡಿ ವೈಫೈ ಕೊಟ್ಟು ನೋಡಿ. ಹಳೇ ಅಕೌಂಟ್ ಕೇಳಿದರೆ ಬೀಗ ಇನ್ನೂ ಇದೆ ಅಂತ ಅರ್ಥ. ಕೇಳದಿದ್ದರೆ ಅಲ್ಲಿಗೇ ನಿಲ್ಲಿಸಿ ಆಫ್ ಮಾಡಿ. ಡೇಟಾ ಅಳಿಸಿಕೊಡುತ್ತೇವೆ ಅನ್ನುವ ಆ್ಯಪ್‌ಗಳು ಬೇಡವೇ ಬೇಡ, ಜಾಹೀರಾತು ಜಾಸ್ತಿ, ಕೆಲಸ ಕಡಿಮೆ.

ಬ್ಯಾಟರಿ ಉಬ್ಬಿದ್ದರೆ ಈ ಯಾವುದನ್ನೂ ಮಾಡಬೇಡಿ. ಚಾರ್ಜಿಗೆ ಹಾಕಬೇಡಿ, ಒತ್ತಿ ನೋಡಬೇಡಿ, ಪಿನ್ ಚುಚ್ಚಬೇಡಿ. ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಬಿಸಿಲು ಬೀಳದ ಕಡೆ, ಮನೆಯ ಹೊರಗೆ ಇಡಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ. ಕೊಡುವಾಗ ಉಬ್ಬಿದೆ ಅಂತ ಬಾಯಿಬಿಟ್ಟು ಹೇಳಿ. ಬಿಚ್ಚಿಟ್ಟಿರುವ ಸಾದಾ ಬ್ಯಾಟರಿ ಇದ್ದರೆ ತುದಿಗೆ ಟೇಪ್ ಅಂಟಿಸಿ. ಕಸದ ಗಾಡಿಗೆ ಮಾತ್ರ ಯಾವ ಬ್ಯಾಟರಿಯನ್ನೂ ಹಾಕಬೇಡಿ, ಅದುಮಿದಾಗ ಬೆಂಕಿ ಹತ್ತಬಹುದು.

ಇನ್ನು ಕೊಡುವುದು ಎಲ್ಲಿ? ಗುಜರಿಗೆ ಬೇಡ. ತಾಮ್ರಕ್ಕಾಗಿ ವೈರು ಸುಡುವುದು, ಚಿನ್ನಕ್ಕಾಗಿ ಬೋರ್ಡನ್ನು ಆ್ಯಸಿಡ್‌ನಲ್ಲಿ ಅದ್ದುವುದು, ಉಳಿದ ನೀರನ್ನು ಚರಂಡಿಗೆ ಬಿಡುವುದು, ಇದೆಲ್ಲ ನಡೆಯುವುದು ಲೆಕ್ಕಕ್ಕೆ ಸಿಗದ ಜಾಗಗಳಲ್ಲೇ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೇ ಫೋನುಗಳ ಮರುಬಳಕೆಯ ಹೊಣೆ ತಯಾರಕರದ್ದು. ಆದ್ದರಿಂದ ನಿಮ್ಮ ಬ್ರ್ಯಾಂಡಿನ ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಿ. ನೋಂದಾಯಿತ ಘಟಕಗಳ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿದೆ. ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ದಾಬಸ್‌ಪೇಟೆಯಲ್ಲೇ ಇ-ಪರಿಸರ ಅನ್ನುವ ಹಳೇ ಘಟಕ ಇದೆ. ಓಣಿಯವರೆಲ್ಲ ಸೇರಿ ಒಂದು ಚೀಲ ಕೂಡಿಸಿ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗುವುದು ಒಳ್ಳೆಯದು.

ಕೊಡುವ ಮುಂಚೆ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರೆದಿಟ್ಟುಕೊಳ್ಳಿ, ರಸೀದಿ ಕೇಳಿ ತಗೊಳ್ಳಿ. ಕೆಟ್ಟ ಚಾರ್ಜರ್, ಹರಿದ ಇಯರ್‌ಫೋನ್ ಇದ್ದರೆ ಅದೇ ಚೀಲಕ್ಕೆ ಹಾಕಿ.